800ಕ್ಕೆ ಎಸ್ಟೀಮ್ ಎಂಜಿನ್ ಕೂರುತ್ತೆ, ಆರ್‌ಸಿಯಲ್ಲಿ ಕೂರುತ್ತಾ? ಗುಜರಿಗೆ ಹೋಗುವ ಮುನ್ನ ಇಷ್ಟು ಓದಿ

ಶಿವಮೊಗ್ಗ: ಹಳೇ ಮಾರುತಿ 800 ಅಥವಾ ಓಮ್ನಿ ಇಟ್ಟುಕೊಂಡವರಿಗೆ ಗ್ಯಾರೇಜ್ ಮುಂದೆ ಟೀ ಕುಡಿಯುವಾಗ ಒಂದಲ್ಲ ಒಂದು ದಿನ ಈ ಸಲಹೆ ಸಿಕ್ಕೇ ಸಿಗುತ್ತದೆ. "ಯಾಕಣ್ಣ ಇದ್ರ ಜೊತೆ ಒದ್ದಾಡ್ತೀಯ? ಗುಜರೀಲಿ ಎಸ್ಟೀಮ್ ಎಂಜಿನ್ ಸಿಗುತ್ತೆ, ತಂದು ಕೂರ್ಸು. ಘಾಟಿ ಹತ್ತೋದೇ ಗೊತ್ತಾಗಲ್ಲ."

ಮಾತು ಪೂರ್ತಿ ಸುಳ್ಳಲ್ಲ. ಎಂಜಿನ್ ಸಿಗುತ್ತದೆ, ಕೂರಿಸುವ ಕೈಗಳೂ ಇವೆ. ಆದರೆ ಎಂಜಿನ್‌ಗೆ ಕೊಡುವ ದುಡ್ಡು ಈ ಕೆಲಸದ ಮೊದಲ ಕಂತು ಮಾತ್ರ. ಅದರ ಹಿಂದೆ ಗೇರ್‌ಬಾಕ್ಸ್, ಬ್ರೇಕ್, ವೈರಿಂಗ್ ಬರುತ್ತವೆ. ಕೊನೆಗೆ ಬರುವುದು ಆರ್‌ಸಿ ಮತ್ತು ಇನ್ಶೂರೆನ್ಸ್. ಗ್ಯಾರೇಜಿನಲ್ಲಿ ಯಾರೂ ಮಾತಾಡದ ಈ ಕೊನೆಯ ಎರಡೇ ಮಾಲೀಕರನ್ನು ಮುಳುಗಿಸುವುದು.

ಹಾಗಾದ್ರೆ ಚಿಕ್ಕ ಕಾರಿಗೆ ದೊಡ್ಡ ಎಂಜಿನ್ ಹಾಕಿಸುವುದು ಅಂದ್ರೆ ಏನೇನು? ಕಡಿಮೆ ಬಜೆಟ್ಟಿನಲ್ಲಿ ಅದು ಆಗುವ ಕೆಲಸವಾ? ಒಂದೊಂದಾಗಿ ನೋಡೋಣ.

ಯಾವ ಗಾಡಿಗೆ ಯಾವ ಎಂಜಿನ್?

ಮಾರುತಿ 800ರಲ್ಲಿ ಇರುವುದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಕಾರ್ಬುರೇಟರ್ ಮಾಡೆಲ್‌ಗಳಲ್ಲಿ ಅದರ ಶಕ್ತಿ ಸುಮಾರು 37 ಬಿಎಚ್‌ಪಿ. ಎಸ್ಟೀಮ್‌ನಲ್ಲಿ ಇದ್ದದ್ದು 1298 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಎಂಪಿಎಫ್‌ಐ ಮಾಡೆಲ್‌ನಲ್ಲಿ 85 ಬಿಎಚ್‌ಪಿ. ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. ಇವೆರಡರ ನಡುವೆ ಝೆನ್‌ನ 993 ಸಿಸಿ, ಹಳೇ ವ್ಯಾಗನ್ ಆರ್‌ನ 1061 ಸಿಸಿ ಎಂಜಿನ್‌ಗಳಿವೆ.

ಇಲ್ಲಿ ಮೊದಲು ಗಮನಿಸಬೇಕಾದ್ದು ಎಂಜಿನ್ ಹೇಗೆ ಕೂತಿದೆ ಅನ್ನೋದು. 800, ಆಲ್ಟೊ, ಝೆನ್, ವ್ಯಾಗನ್ ಆರ್, ಎಸ್ಟೀಮ್ ಇವೆಲ್ಲದರಲ್ಲೂ ಎಂಜಿನ್ ಬಾನೆಟ್ ಒಳಗೆ ಅಡ್ಡಲಾಗಿ ಕೂತಿರುತ್ತದೆ, ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಓಮ್ನಿ ಮತ್ತು ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂತು, ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಆದ್ದರಿಂದ ಎಸ್ಟೀಮ್ ಎಂಜಿನ್‌ನ ಜೊತೆ ಬರುವ ಗೇರ್‌ಬಾಕ್ಸ್ ಓಮ್ನಿಗೆ ಪ್ರಯೋಜನವಿಲ್ಲ. "ಎಲ್ಲಾ ಮಾರುತಿನೇ ಅಲ್ವಾ, ಕೂರುತ್ತೆ ಬಿಡಿ" ಅನ್ನುವವರ ಮಾತು ಕೇಳಿ ದುಡ್ಡು ಕೊಡಬೇಡಿ.

ಕಂಪನಿಯೇ ದೊಡ್ಡ ಎಂಜಿನ್ ಹಾಕಿದ ಉದಾಹರಣೆಗಳು ನಮ್ಮ ರಸ್ತೆಯಲ್ಲೇ ಇವೆ. ಜಿಪ್ಸಿ 1985ರಲ್ಲಿ ಬಂದಾಗ 970 ಸಿಸಿ ಇತ್ತು. 1996ರಲ್ಲಿ ಜಿಪ್ಸಿ ಕಿಂಗ್ ಅಂತ 1298 ಸಿಸಿ ಎಂಜಿನ್‌ನಲ್ಲಿ ಬಂತು. ಆಗ ನಾಲ್ಕು ಗೇರ್ ಇದ್ದದ್ದು ಐದು ಗೇರ್ ಆಯಿತು. ಆಲ್ಟೊ ಕೂಡ ಒಂದೇ ಬಾಡಿಯಲ್ಲಿ 796 ಸಿಸಿ ಮತ್ತು 1061 ಸಿಸಿ ಎರಡರಲ್ಲೂ ಮಾರಾಟವಾಯಿತು. 2010ರಲ್ಲಿ 998 ಸಿಸಿಯ ಕೆ10 ಬಂತು. ಓಮ್ನಿಯಂಥದ್ದೇ ಉಪಯೋಗಕ್ಕೆ, ಅದಕ್ಕಿಂತ ದೊಡ್ಡದಾದ 1196 ಸಿಸಿ ಎಂಜಿನ್‌ನ ಈಕೋ ಬಂದದ್ದೂ 2010ರಲ್ಲೇ. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತವೆ.

ಎಂಜಿನ್ ಜೊತೆ ಏನೇನು ಬದಲಾಗಬೇಕು?

ಮೌಂಟಿಂಗ್: ಎಂಜಿನ್ ಬಾಡಿಗೆ ಕೂರುವ ಜಾಗ ಒಂದೊಂದು ಎಂಜಿನ್‌ಗೆ ಒಂದೊಂದು ಥರ. ಅದೇ ಮಾಡೆಲ್‌ನಲ್ಲಿ ಕಂಪನಿ ಆ ಎಂಜಿನ್ ಕೊಟ್ಟಿದ್ದರೆ ಅದರ ಕ್ರಾಸ್ ಮೆಂಬರ್, ಮೌಂಟಿಂಗ್ ಎತ್ತಿಕೊಂಡು ಹಾಕಬಹುದು. ಕೊಟ್ಟಿರದಿದ್ದರೆ ಕಟ್ ಮಾಡಿ, ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಬೇಕು. ಮಲೆನಾಡಿನ ಮಳೆಯಲ್ಲಿ ಇಪ್ಪತ್ತು ವರ್ಷ ತುಕ್ಕು ತಿಂದ ತಗಡಿಗೆ ಮಾಡಿದ ವೆಲ್ಡಿಂಗ್ ಎಷ್ಟು ದಿನ ತಡೆಯುತ್ತೆ ಅನ್ನೋದು ಯೋಚಿಸಬೇಕಾದ ವಿಷಯ.

ಗೇರ್‌ಬಾಕ್ಸ್, ಕ್ಲಚ್, ಆಕ್ಸೆಲ್: 37 ಬಿಎಚ್‌ಪಿಗೆ ಮಾಡಿದ ಗೇರ್‌ಬಾಕ್ಸ್ 85 ಬಿಎಚ್‌ಪಿ ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಎಂಜಿನ್ ತರುವಾಗ ಅದರದ್ದೇ ಗೇರ್‌ಬಾಕ್ಸ್ ತರಬೇಕು. ಆಗ ಆಕ್ಸೆಲ್ ಉದ್ದ ಹೊಂದುವುದಿಲ್ಲ, ಎರಡು ಗಾಡಿಯ ಆಕ್ಸೆಲ್ ಸೇರಿಸಿ ಹೊಸದು ಮಾಡಿಸಬೇಕಾಗುತ್ತದೆ. ಲೇತ್ ಕೆಲಸ ಸರಿ ಬರದಿದ್ದರೆ ಸ್ಪೀಡಿನಲ್ಲಿ ಸ್ಟೇರಿಂಗ್ ನಡುಗುತ್ತದೆ, ಸಿವಿ ಜಾಯಿಂಟ್ ಮತ್ತೆ ಮತ್ತೆ ಹೋಗುತ್ತದೆ.

ವೈರಿಂಗ್ ಮತ್ತು ಪೆಟ್ರೋಲ್ ಲೈನ್: ಬಹಳ ಜನ ಸಿಕ್ಕಿಬೀಳುವುದು ಇಲ್ಲಿ. ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲ್ ಪಂಪು ಎಂಜಿನ್‌ನಿಂದಲೇ ಓಡುತ್ತದೆ, ಒತ್ತಡ ತೀರಾ ಕಡಿಮೆ. ಎಂಪಿಎಫ್‌ಐಗೆ ಕರೆಂಟಿನ ಪಂಪು ಬೇಕು, ಅದರ ಒತ್ತಡಕ್ಕೆ ತಕ್ಕ ಪೈಪು, ಕ್ಲಾಂಪು ಬೇಕು. ಹಳೇ ರಬ್ಬರ್ ಪೈಪಿಗೇ ಜೋಡಿಸಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿ ಬೆಂಕಿ ಹತ್ತಬಹುದು. ಇನ್ನು ಇಸಿಎಂ. ಎಂಜಿನ್‌ನ ಮೆದುಳು ಇದು. ಕೀ ಗುರುತು ಹಿಡಿಯುವ ಇಮೊಬಿಲೈಸರ್ ಇರುವ ಗಾಡಿಯಿಂದ ಎಂಜಿನ್ ತರುವುದಾದರೆ ಇಸಿಎಂ, ಇಮೊಬಿಲೈಸರ್ ಡಬ್ಬಿ, ಕೀ, ಪೂರ್ತಿ ವೈರಿಂಗ್ ಎಲ್ಲ ಒಂದೇ ಗಾಡಿಯದ್ದಾಗಿರಬೇಕು. ಬರೀ ಎಂಜಿನ್ ಎತ್ತಿಕೊಂಡು ಬಂದ್ರೆ ಸ್ಟಾರ್ಟೇ ಆಗಲ್ಲ.

ರೇಡಿಯೇಟರ್: ಜಾಸ್ತಿ ಶಕ್ತಿ ಅಂದ್ರೆ ಜಾಸ್ತಿ ಬಿಸಿ. 800ರ ರೇಡಿಯೇಟರ್ ಇಟ್ಟುಕೊಂಡು ಎಸ್ಟೀಮ್ ಎಂಜಿನ್ ಓಡಿಸಿದರೆ ಊರೊಳಗೆ ಏನೂ ಗೊತ್ತಾಗಲ್ಲ. ಆಗುಂಬೆ ಘಾಟಿಯಲ್ಲಿ ಒಂದು ಬಸ್ಸಿನ ಹಿಂದೆ ಫಸ್ಟ್ ಗೇರ್‌ನಲ್ಲಿ ಹತ್ತುವಾಗ ಗೊತ್ತಾಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋದರೆ ಗುಜರಿಯಲ್ಲಿ ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು.

ಬ್ರೇಕ್: ಇದನ್ನು ಬಿಟ್ಟವರು ಜೀವ ಒತ್ತೆ ಇಟ್ಟ ಹಾಗೆ

ಕಾರು ನಿಲ್ಲಿಸಲು ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಸ್ಪೀಡಿನ ಜೊತೆ ನೇರವಾಗಿ ಏರುವುದಿಲ್ಲ, ಸ್ಪೀಡಿನ ವರ್ಗದಂತೆ ಏರುತ್ತದೆ. ಗಂಟೆಗೆ 60 ಕಿ.ಮೀ.ನಲ್ಲಿ ಹೋಗುತ್ತಿದ್ದವರು 80ಕ್ಕೆ ಹೋದರೆ ಸ್ಪೀಡ್ ಹೆಚ್ಚಿದ್ದು ಮೂರನೇ ಒಂದು ಭಾಗ ಮಾತ್ರ. ಆದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು 1.8 ಪಟ್ಟು ಆಗುತ್ತದೆ. 60ರಿಂದ 120ಕ್ಕೆ ಹೋದರೆ ನಾಲ್ಕು ಪಟ್ಟು.

800ರ ತೂಕ ಸುಮಾರು 650 ಕಿಲೋ. ಅದರ ಚಕ್ರ 12 ಇಂಚಿನದ್ದು, ಟೈರ್ ಸಪೂರ. ದೊಡ್ಡ ಡಿಸ್ಕ್ ಹಾಕೋಣ ಅಂದ್ರೆ 12 ಇಂಚಿನ ರಿಮ್ ಒಳಗೆ ಅದಕ್ಕೆ ಜಾಗ ಇಲ್ಲ. ಹಾಗಾಗಿ ಡಿಸ್ಕ್ ಬದಲಿಸಿದರೆ ರಿಮ್ ಬದಲಿಸಬೇಕು, ರಿಮ್ ಬದಲಿಸಿದರೆ ಟೈರ್ ಬದಲಿಸಬೇಕು. ಬ್ರೇಕ್ ಬೂಸ್ಟರ್ ಇಲ್ಲದ ಗಾಡಿಯಾದರೆ ಅದೂ ಸೇರುತ್ತದೆ. ಮುಂದೆ ಭಾರ ಜಾಸ್ತಿಯಾದ ಮೇಲೆ ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡ ಹಳೆಯದು ನಡೆಯುವುದಿಲ್ಲ.

ಬಜೆಟ್ ಮುಗಿದಾಗ ಎಲ್ಲರೂ ಮೊದಲು ಕೈಬಿಡುವುದು ಇದನ್ನೇ. "ಬ್ರೇಕ್ ಆಮೇಲೆ ನೋಡಿದ್ರಾಯ್ತು, ಈಗ ಗಾಡಿ ಓಡ್ತಿದೆಯಲ್ಲ" ಅಂತ. ಎಂಜಿನ್ ಕೈಕೊಟ್ಟರೆ ಗಾಡಿ ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಬ್ರೇಕ್ ಕೈಕೊಟ್ಟರೆ ನಿಲ್ಲುವುದು ಎಲ್ಲಿ ಅಂತ ಹೇಳೋಕಾಗಲ್ಲ.

ಎಸ್ಟಿಮೇಟ್ ಹೀಗೆ ಬರೆಸಿಕೊಳ್ಳಿ

ಮೆಕ್ಯಾನಿಕ್ ಹತ್ತಿರ "ಒಟ್ಟು ಎಷ್ಟಾಗುತ್ತೆ?" ಅಂತ ಕೇಳಿದರೆ ಬಾಯಿಗೆ ಬಂದ ಒಂದು ಅಂಕಿ ಸಿಗುತ್ತದೆ. ಅದರ ಬದಲು ಒಂದು ಹಾಳೆ ತೆಗೆದು ಈ ಎಂಟು ಸಾಲು ಬರೆದು, ಪ್ರತಿ ಸಾಲಿನ ಮುಂದೆ ಮೊತ್ತ ಹಾಕಿಸಿ:

1. ಎಂಜಿನ್, ಗೇರ್‌ಬಾಕ್ಸ್
2. ಮೌಂಟಿಂಗ್, ವೆಲ್ಡಿಂಗ್, ಲೇತ್ ಕೆಲಸ
3. ಕ್ಲಚ್, ಆಕ್ಸೆಲ್
4. ಇಸಿಎಂ, ವೈರಿಂಗ್, ಪೆಟ್ರೋಲ್ ಪಂಪು, ಪೈಪು
5. ರೇಡಿಯೇಟರ್, ಫ್ಯಾನ್, ಸೈಲೆನ್ಸರ್
6. ಬ್ರೇಕ್, ರಿಮ್, ಟೈರ್
7. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್
8. ಕೂಲಿ

ತಂದ ಎಂಜಿನ್‌ಗೆ ಹೊಸ ಟೈಮಿಂಗ್ ಬೆಲ್ಟ್, ಆಯಿಲ್ ಸೀಲ್, ವಾಟರ್ ಪಂಪು ಹಾಕಿಸುವ ಖರ್ಚು ಒಂದನೇ ಸಾಲಿಗೇ ಸೇರಲಿ. ಎಂಜಿನ್ ಹೊರಗಿದ್ದಾಗ ಇದು ಸುಲಭ, ಕೂರಿಸಿದ ಮೇಲೆ ಎರಡು ಸಲ ಕೂಲಿ. ಪಟ್ಟಿ ತುಂಬಿಸಿದ ಮೇಲೆ ಒಂದನೇ ಸಾಲಿನ ಮೊತ್ತವನ್ನೂ ಉಳಿದ ಏಳು ಸಾಲಿನ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗುಜರಿ ಎಂಜಿನ್ ಅಗ್ಗ ಅನ್ನೋ ಮಾತಿನ ಅರ್ಥ ಆಗ ಗೊತ್ತಾಗುತ್ತದೆ. ಇಷ್ಟು ಬರೆದುಕೊಡಲು ಒಪ್ಪದ ಗ್ಯಾರೇಜಿಗೆ ಈ ಕೆಲಸ ಕೊಡದೇ ಇರುವುದು ಒಳ್ಳೆಯದು.

ಕಾನೂನು ಏನು ಹೇಳುತ್ತೆ?

ಆರ್‌ಸಿಯಲ್ಲಿ ಚಾಸಿ ನಂಬರ್ ಜೊತೆಗೆ ಎಂಜಿನ್ ನಂಬರ್ ಇರುತ್ತದೆ, ಸಿಸಿ ಇರುತ್ತದೆ, ಇಂಧನ ಯಾವುದು ಅಂತ ಇರುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಿಸಲು ಅನುಮೋದಿತ ಕಿಟ್ ಹಾಕಿಸುವುದಕ್ಕೆ ಪ್ರತ್ಯೇಕ ಅವಕಾಶ ಇದೆ. ದೊಡ್ಡ ಎಂಜಿನ್ ಅದರಲ್ಲಿ ಬರುವುದಿಲ್ಲ.

2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು: ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬದಲಾಯಿತು. ಅದರಂತೆ ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ. ದಂಡ ಬೀಳುವುದು ಮಾಲೀಕರಿಗೆ ಅನ್ನುವುದು ನೆನಪಿರಲಿ.

ಹಾಗಂತ ಎಂಜಿನ್ ಬದಲಿಸುವುದೇ ಅಪರಾಧ ಅಲ್ಲ. ಬ್ಲಾಕ್ ಒಡೆದು ಹೋಗಿದೆ, ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕಬೇಕು ಅಂದ್ರೆ ದಾರಿ ಇದೆ. ಶಿವಮೊಗ್ಗದ ಆರ್‌ಟಿಒ ಇರಲಿ, ಸಾಗರದ ಎಆರ್‌ಟಿಒ ಇರಲಿ, ನಿಮ್ಮ ತಾಲೂಕು ಯಾವ ಕಚೇರಿಗೆ ಸೇರುತ್ತದೋ ಅಲ್ಲಿ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಇಲ್ಲದೆ ಎಂಜಿನ್ ಬದಲಾಗಿದ್ದರೆ 14 ದಿನದೊಳಗೆ ವರದಿ ಮಾಡಿ, ಆರ್‌ಸಿ ಮತ್ತು ಶುಲ್ಕ ಕೊಟ್ಟು ಹೊಸ ವಿವರ ದಾಖಲಿಸಬೇಕು. ಗಾಡಿ ಮೇಲೆ ಸಾಲ ಇದ್ದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಆದರೆ 800ಕ್ಕೆ ಎಸ್ಟೀಮ್ ಎಂಜಿನ್ ಹಾಕಿಸಿ, ಆಮೇಲೆ "ಆರ್‌ಸಿಗೆ ಸೇರಿಸಿಕೊಡಿ" ಅಂತ ಹೋದರೆ ಸಿಸಿಯೇ ಬೇರೆ. ಆ ಬಾಗಿಲು 2019ರ ನಂತರ ಬಹುತೇಕ ಮುಚ್ಚಿದೆ.

"ಯಾರು ಬಾನೆಟ್ ಎತ್ತಿ ನೋಡ್ತಾರೆ?" ಅನ್ನುವವರಿದ್ದಾರೆ. ನೋಡುವ ದಿನ ಒಂದು ಬಂದೇ ಬರುತ್ತದೆ. 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದ್ರೆ ಈಗ ಓಡುತ್ತಿರುವ ಬಹುತೇಕ 800ಗಳು 15 ವರ್ಷ ದಾಟಿವೆ, ಉಳಿದವು ದಾಟಲಿವೆ. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಮಾಡಿಸಬೇಕು, ಅದಕ್ಕೆ ಗಾಡಿ ತಪಾಸಣೆಗೆ ಹೋಗಬೇಕು. ಚಾಸಿ ನಂಬರ್, ಎಂಜಿನ್ ನಂಬರ್ ತಾಳೆಯಾಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಮಾರುವ ದಿನವೂ ಅಷ್ಟೇ, ತಿಳಿದವರು ಯಾರೂ ತೆಗೆದುಕೊಳ್ಳುವುದಿಲ್ಲ.

ಇನ್ಶೂರೆನ್ಸ್: ನಿಜವಾದ ಹೊಡೆತ ಇಲ್ಲಿ

ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದು ಸಿಸಿ ಮೇಲೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗೆ ವರ್ಷಕ್ಕೆ 2,094 ರೂ., 1000 ದಾಟಿ 1500 ಸಿಸಿವರೆಗೆ 3,416 ರೂ. ಬಾನೆಟ್ ಒಳಗೆ 1298 ಸಿಸಿ ಇಟ್ಟುಕೊಂಡು 796 ಸಿಸಿಯ ಪ್ರೀಮಿಯಂ ಕಟ್ಟಿದರೆ ಉಳಿಯುವುದು ಸಾವಿರದ ಮುನ್ನೂರು ಚಿಲ್ಲರೆ.

ಕಳೆಯಬಹುದಾದದ್ದು ಎಷ್ಟು? ಅಪಘಾತವಾದಾಗ ಸರ್ವೇಯರ್ ಬಂದು ಎಂಜಿನ್ ನಂಬರ್ ನೋಡುತ್ತಾರೆ. ಹೇಳದೇ ಮಾಡಿದ ಬದಲಾವಣೆ ಅಂತ ನಿಮ್ಮ ಗಾಡಿಯ ಕ್ಲೇಮ್ ತಿರಸ್ಕಾರ ಆಗಬಹುದು. ಅದು ನಿಮ್ಮ ಗಾಡಿ, ನಿಮ್ಮ ನಷ್ಟ, ಹೋಗಲಿ ಅನ್ನಬಹುದು. ಆದರೆ ಗಾಡಿ ಇನ್ನೊಬ್ಬರಿಗೆ ಬಡಿದು ಪ್ರಾಣಕ್ಕೆ ಅಪಾಯವಾದರೆ ಪರಿಹಾರದ ಮೊತ್ತ ಲಕ್ಷಗಳಲ್ಲಿ ಇರುತ್ತದೆ. ಪಾಲಿಸಿ ಷರತ್ತು ಮುರಿದಿದ್ದರೆ, ಕಂಪನಿ ಮೊದಲು ಸಂತ್ರಸ್ತರಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟ್ ಹೇಳುವುದುಂಟು. ಆಗ ಅಂಗಡಿ, ಮನೆ, ತೋಟ ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ.

ಗುಜರಿ ಎಂಜಿನ್ ಕೊಳ್ಳುವಾಗ

ಎಂಜಿನ್ ಒಡೆದವರು ಅದೇ ಮಾದರಿಯ ಎಂಜಿನ್ ಹುಡುಕಿಕೊಂಡು ಬೆಂಗಳೂರಿನ ಶಿವಾಜಿನಗರದ ಗುಜರಿಗೋ ಬೇರೆ ಊರಿಗೋ ಹೋಗಬೇಕಾಗಿ ಬರಬಹುದು. ಹೋದಾಗ ಇಷ್ಟು ನೋಡಿ.

ಎಂಜಿನ್ ನಂಬರ್ ಸ್ಪಷ್ಟವಾಗಿ ಇದೆಯಾ? ಉಜ್ಜಿದ, ಮತ್ತೆ ಕೊರೆದ ಗುರುತು ಕಂಡರೆ ಎಷ್ಟೇ ಅಗ್ಗ ಆದ್ರೂ ಬೇಡ. ಕದ್ದ ಗಾಡಿಯ ಎಂಜಿನ್ ಆಗಿದ್ದರೆ ಕೊಂಡವರ ಮೇಲೂ ಕೇಸ್ ಬೀಳಬಹುದು. ಕದ್ದ ಮಾಲು ಅಂತ ಗೊತ್ತಿದ್ದು ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 317ರಲ್ಲಿ ಅಪರಾಧ. "ನನಗೆ ಗೊತ್ತಿರ್ಲಿಲ್ಲ ಸಾರ್" ಅಂತ ಸ್ಟೇಷನ್‌ನಲ್ಲಿ ಹೇಳುವಾಗ ಕೈಯಲ್ಲಿ ಬಿಲ್ ಇರಬೇಕು. ಎಂಜಿನ್ ನಂಬರ್ ಬರೆದ ಬಿಲ್, ಅದು ಬಂದ ಗಾಡಿಯ ಆರ್‌ಸಿ ಪ್ರತಿ ಅಥವಾ ಸ್ಕ್ರ್ಯಾಪ್ ಆದ ದಾಖಲೆ ಎರಡನ್ನೂ ಕೇಳಿ ಪಡೆಯಿರಿ.

ಆಯಿಲ್ ಕ್ಯಾಪ್ ತೆಗೆದು ಒಳಗೆ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ಇದ್ದರೆ ಆಯಿಲ್‌ಗೆ ನೀರು ಸೇರಿದೆ ಅಂತ. ಪುಲ್ಲಿಗೆ ಸ್ಪ್ಯಾನರ್ ಹಾಕಿ ಎರಡು ಸುತ್ತು ಕೈಯಲ್ಲೇ ತಿರುಗಿಸಿ, ಎಲ್ಲೂ ಹಿಡಿಯಬಾರದು. ಕಂಪ್ರೆಷನ್ ಗೇಜ್ ಹಾಕಿಸಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಒಂದು ಕೇಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಎಂಜಿನ್ ಮತ್ತೆ ಬಿಚ್ಚಿಸುವ ಖರ್ಚು ಇದೆ ಅಂತಲೇ ಲೆಕ್ಕ.

ಹಾಗಾದ್ರೆ ಕಡಿಮೆ ಖರ್ಚಿನ ದಾರಿ ಯಾವುದು?

ಮೊದಲನೆಯದು, ಇರುವ ಎಂಜಿನ್ನೇ ಸರಿ ಮಾಡಿಸುವುದು. ಘಾಟಿ ಹತ್ತದ 800ಕ್ಕೆ ಸಿಸಿ ಸಾಲುತ್ತಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಅದೇ ಗಾಡಿ ಹೊಸದಿದ್ದಾಗ ಅದೇ ಘಾಟಿಯನ್ನು ನಾಲ್ಕು ಜನರನ್ನು ಕೂರಿಸಿಕೊಂಡು ಹತ್ತಿದೆ. ಈಗ ಹತ್ತುತ್ತಿಲ್ಲ ಅಂದ್ರೆ ರಿಂಗ್ ಸವೆದಿರಬಹುದು, ವಾಲ್ವ್ ಸರಿಯಾಗಿ ಕೂರುತ್ತಿಲ್ಲದಿರಬಹುದು, ಕ್ಲಚ್ ಜಾರುತ್ತಿರಬಹುದು, ಬ್ರೇಕ್ ಹಿಡಿದುಕೊಂಡೇ ಇರಬಹುದು, ಪೆಟ್ರೋಲ್ ಫಿಲ್ಟರ್ ಕಟ್ಟಿರಬಹುದು, ಟೈರಿನಲ್ಲಿ ಗಾಳಿಯೇ ಕಡಿಮೆ ಇರಬಹುದು. ಮೊದಲು ಒಂದು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಬೇಕಾದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿ. ಎಂಜಿನ್ ನಂಬರ್ ಅದೇ, ಆರ್‌ಸಿಗೆ ತೊಂದರೆ ಇಲ್ಲ, ಇನ್ಶೂರೆನ್ಸ್‌ಗೂ ತೊಂದರೆ ಇಲ್ಲ. ಬಿಡಿಭಾಗ ತಾಲೂಕು ಕೇಂದ್ರದಲ್ಲೇ ಸಿಗುತ್ತದೆ.

ಎರಡನೆಯದು, ನಿಜವಾಗಿಯೂ ದೊಡ್ಡ ಎಂಜಿನ್ ಬೇಕಿದ್ದರೆ ಅದನ್ನು ಕಂಪನಿಯೇ ಕೂರಿಸಿದ ಗಾಡಿ ತೆಗೆದುಕೊಳ್ಳುವುದು. ಇರುವ ಗಾಡಿ ಮಾರಿ, ಎಂಜಿನ್ ಬದಲಾವಣೆಗೆ ಅಂತ ಎತ್ತಿಟ್ಟ ದುಡ್ಡು ಅದಕ್ಕೆ ಸೇರಿಸಿ ಸೆಕೆಂಡ್ ಹ್ಯಾಂಡ್ ಆಲ್ಟೊ ಕೆ10, ಝೆನ್ ಅಥವಾ ವ್ಯಾಗನ್ ಆರ್ ನೋಡಬಹುದು. ಓಮ್ನಿಯಲ್ಲಿ ಸರಕು ಸಾಗಿಸಿ ಸಾಕಾದ ಅಂಗಡಿಯವರು ಈಕೋ ನೋಡಬಹುದು. ಎಂಟು ಸಾಲಿನ ಆ ಎಸ್ಟಿಮೇಟ್ ಹಾಳೆ ಕೈಯಲ್ಲಿ ಹಿಡಿದುಕೊಂಡೇ ಈ ಗಾಡಿಗಳ ಬೆಲೆ ಕೇಳಿ, ಎರಡೂ ಅಂಕಿ ತಾಳೆ ಹಾಕಿ. ಈ ಗಾಡಿಗಳಲ್ಲಿ ಬ್ರೇಕ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಆ ಎಂಜಿನ್‌ಗೆ ತಕ್ಕ ಹಾಗೇ ಇರುತ್ತವೆ. ಆರ್‌ಸಿಯಲ್ಲಿ ಸಿಸಿ ಸರಿಯಾಗಿರುತ್ತದೆ. ನಾಳೆ ಮಾರುವಾಗ ಬೆಲೆಯೂ ಸಿಗುತ್ತದೆ.

ಅಪ್ಪ ತೆಗೆದ ಮೊದಲ ಕಾರು, ಮಾರೋಕೆ ಮನಸ್ಸಿಲ್ಲ ಅನ್ನುವವರೂ ಇದ್ದಾರೆ. ಅಂಥವರು ಮೊದಲನೇ ದಾರಿ ಹಿಡಿಯಲಿ. ಅಪ್ಪನ ಗಾಡಿಯಲ್ಲಿ ಅಪ್ಪನ ಕಾಲದ ಎಂಜಿನ್ನೇ ಇದ್ದರೆ ಚೆಂದ.

ಇಷ್ಟಾದ ಮೇಲೂ ಎಂಜಿನ್ ಬದಲಿಸಲೇಬೇಕು ಅಂತಿದ್ದರೆ ಗುಜರಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಗೆ ಹೋಗಿ. ಆರ್‌ಸಿ ತೋರಿಸಿ, ಯಾವ ಎಂಜಿನ್ ಹಾಕಬೇಕು ಅಂತಿದ್ದೀರಿ ಅಂತ ಬರೆದು ಕೊಟ್ಟು, ಉತ್ತರ ಲಿಖಿತದಲ್ಲಿ ಪಡೆಯಿರಿ. ಒಪ್ಪಿಗೆ ಪತ್ರ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.